ಮೊದಲ ವರ್ಷದ ಗಣಿತದಲ್ಲಿ ಎಡವುವವರಿಗೆ ಹಿರಿಯ ವಿದ್ಯಾರ್ಥಿಗಳ ನೆರವು: ಪ್ರಶ್ನೋತ್ತರ

ಪ್ರಶ್ನೆ (ಎಂಜಿನಿಯರಿಂಗ್ ಐದನೆಯ ಸೆಮಿಸ್ಟರ್ ವಿದ್ಯಾರ್ಥಿನಿ): ಮೊದಲ ಇಂಟರ್ನಲ್ಸ್‌ನಲ್ಲಿ ಗಣಿತಕ್ಕೆ ಕಡಿಮೆ ಅಂಕ ಬಂದ 12 ಕಿರಿಯ ವಿದ್ಯಾರ್ಥಿಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ವಾರಕ್ಕೆರಡು ಸಂಜೆ ಹೇಳಿಕೊಡುವಂತೆ ನಮ್ಮ ವಿಭಾಗದವರು ಸೂಚಿಸಿದ್ದಾರೆ. ಮೊದಲ ದಿನ ಒಂಬತ್ತು ಮಂದಿ ಬಂದಿದ್ದರು. ಮೂರನೆಯ ವಾರಕ್ಕೆ ಇಬ್ಬರು ಉಳಿದಿದ್ದಾರೆ. ನಾನು ಸಾಕಷ್ಟು ಚೆನ್ನಾಗಿ ವಿವರಿಸುತ್ತೇನೆಂದೇ ನನ್ನ ಭಾವನೆ. ತಪ್ಪು ಎಲ್ಲಾಗುತ್ತಿದೆ?

ಉತ್ತರ (ಗಣಿತ ಅಧ್ಯಾಪಕ, ಇಂಥದೇ ಯೋಜನೆಯೊಂದರ ಸಂಯೋಜಕ): ಮೊದಲು ಆ ಪಟ್ಟಿಯ ವಿಚಾರ. ಅಂಕ ಕಡಿಮೆ ಬಂದವರನ್ನು ಹೆಸರು ಹಿಡಿದು ಕರೆದಾಗ, ಆ ಕೋಣೆಯೊಳಗೆ ಕಾಲಿಡುವುದೆಂದರೆ ತಾನು ದಡ್ಡನೆಂದು ಬರೆದುಕೊಟ್ಟ ಹಾಗೆ ಎಂದು ಹದಿನೆಂಟರ ಹುಡುಗನಿಗೆ ಅನ್ನಿಸುವುದು ಸಹಜ. ನಾನು ಈ ಹೊಣೆ ಹೊತ್ತ ಮೊದಲ ವರ್ಷ ಅಂಥದೇ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದೆ. ಸಂಜೆಯೊಳಗೆ ಯಾರೋ ಹರಿದು ಹಾಕಿದ್ದರು, ಹರಿದವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಅಮೆರಿಕದ ಮಿಸೌರಿ-ಕಾನ್ಸಾಸ್ ಸಿಟಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಅವರು ಆರಂಭಿಸಿ, ಮುಂದೆ ಅನೇಕ ದೇಶಗಳಿಗೆ ಹಬ್ಬಿದ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಎಂಬ ಪದ್ಧತಿಯಲ್ಲಿ ಗುರುತಿಸುವುದು ಹಿಂದುಳಿದ ವಿದ್ಯಾರ್ಥಿಯನ್ನಲ್ಲ, ಹೆಚ್ಚು ಮಂದಿ ಎಡವುವ ವಿಷಯವನ್ನು. ಈ ವಿಷಯ ಕಠಿಣ, ಬೇಕೆನ್ನಿಸಿದವರು ಬನ್ನಿ ಎಂದು ಇಡೀ ತರಗತಿಗೆ ಸಾರಿದರೆ ಐವತ್ತಕ್ಕೆ 45 ತೆಗೆದವಳೂ ಬರುತ್ತಾಳೆ, ಒಂಬತ್ತು ತೆಗೆದವನು ಅವಳ ಪಕ್ಕದಲ್ಲಿ ಸಂಕೋಚವಿಲ್ಲದೆ ಕೂರುತ್ತಾನೆ.

ಇನ್ನು ವಿವರಣೆ. ಬೆಳಿಗ್ಗೆ ಅಧ್ಯಾಪಕರ ಬಾಯಲ್ಲಿ ಕೇಳಿದ್ದನ್ನೇ ಸಂಜೆ ನಿಮ್ಮ ಬಾಯಲ್ಲಿ ಕೇಳಿ, ಅರ್ಥವಾಯಿತೆಂದು ತಲೆಯಾಡಿಸಿ ಹೋದವನು ಕೋಣೆಗೆ ಮರಳಿ ಪುಸ್ತಕ ತೆರೆದಾಗ ಮೊದಲ ಸಾಲನ್ನೂ ಬರೆಯಲಾರ. ಮೇಲೆ ಹೇಳಿದ ಪದ್ಧತಿಯಲ್ಲಿ ಹಿರಿಯ ವಿದ್ಯಾರ್ಥಿಯು ಕಿರಿಯರ ಜೊತೆ ಅದೇ ತರಗತಿಯಲ್ಲಿ ಮತ್ತೊಮ್ಮೆ ಕೂತು ಟಿಪ್ಪಣಿ ಬರೆದುಕೊಳ್ಳುತ್ತಾನೆ. ಸಂಜೆ ಯಾರಾದರೂ ಸಂದೇಹ ಕೇಳಿದರೆ ತಾನೇ ಉತ್ತರಿಸದೆ, ಇದಕ್ಕೆ ಉಳಿದವರು ಏನನ್ನುತ್ತೀರಿ ಎಂದು ಪ್ರಶ್ನೆಯನ್ನು ಗುಂಪಿಗೇ ಹಿಂದಿರುಗಿಸುತ್ತಾನೆ. ಮಾಸ್ತರಿಕೆ ನಿಮ್ಮ ಕೆಲಸವಲ್ಲ. ಮಾರ್ಕರ್ ಕಿರಿಯರ ಕೈಯಲ್ಲಿರಲಿ, ನೀವು ಹಿಂದಿನ ಬೆಂಚಿನಲ್ಲಿರಿ. ಮೊದಮೊದಲು ಆ ಮೌನವನ್ನು ಸಹಿಸುವುದು ಕಷ್ಟ, ಸಹಿಸಿಕೊಳ್ಳಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಹಾಗಾದರೆ ಅವರಿಗೆ ಸುಲಭದ ಲೆಕ್ಕಗಳಿಂದ ಆರಂಭಿಸಲೇ?

ಉತ್ತರ: ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞರು, ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಏಕೆ ಹಿಂದೆ ಬೀಳುತ್ತಾರೆ, ಚೀನೀ ಮೂಲದ ವಿದ್ಯಾರ್ಥಿಗಳು ಏಕೆ ಮುಂದಿದ್ದಾರೆ ಎಂದು ತಿಳಿಯಲು ಎರಡೂ ಗುಂಪಿನವರು ಓದುವ ಕ್ರಮವನ್ನು ಹತ್ತಿರದಿಂದ ಗಮನಿಸಿದರು. ಶ್ರದ್ಧೆ ಸಾಲದು, ಮನೆಯವರ ಒತ್ತಾಸೆಯಿಲ್ಲ ಎಂಬ ಸಹೋದ್ಯೋಗಿಗಳ ಊಹೆಗಳು ನಿಲ್ಲಲಿಲ್ಲ. ಕಂಡ ವ್ಯತ್ಯಾಸ ಬೇರೆಯೇ ಆಗಿತ್ತು: ಹಿಂದೆ ಬಿದ್ದವರು ಒಬ್ಬಂಟಿಯಾಗಿ ಗಂಟೆಗಟ್ಟಲೆ ಓದುತ್ತಿದ್ದರು, ಮುಂದಿದ್ದವರು ತಮ್ಮ ಪಾಡಿಗೆ ಓದಿದ ಮೇಲೆ ಒಟ್ಟಿಗೆ ಸೇರಿ ಒಬ್ಬರ ತಪ್ಪನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್ಮನ್ ಅವರು ಆಮೇಲೆ ಕಟ್ಟಿದ ಕಾರ್ಯಾಗಾರಗಳಲ್ಲಿ ಕೊಡುತ್ತಿದ್ದದ್ದು ರಿಮೀಡಿಯಲ್, ಅಂದರೆ ಹಿಂದುಳಿದವರಿಗೆಂದೇ ಇಳಿಸಿದ ಸುಲಭದ, ಲೆಕ್ಕಗಳನ್ನಲ್ಲ, ತರಗತಿಯಲ್ಲಿ ಕೊಡುವುದಕ್ಕಿಂತ ಕಠಿಣವಾದ ಲೆಕ್ಕಗಳನ್ನು. ಒಬ್ಬನೇ ಬಿಡಿಸಬಹುದಾದ ಲೆಕ್ಕಕ್ಕೆ ಪಕ್ಕದವನನ್ನು ಯಾರೂ ಕೇಳುವುದಿಲ್ಲವಷ್ಟೆ.

ಪ್ರಶ್ನೆ (ಪದವಿ ಕಾಲೇಜಿನ ಅತಿಥಿ ಉಪನ್ಯಾಸಕಿ): ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಗುಂಪಿನಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ಚರ್ಚೆಯನ್ನು ಕನ್ನಡದಲ್ಲಿ ನಡೆಸಿದರೆ ಪರೀಕ್ಷೆಗೆ ತೊಂದರೆಯಾದೀತೇ?

ಉತ್ತರ: ಮಾತು ಕನ್ನಡದಲ್ಲಿರಲಿ, ಬರವಣಿಗೆ ಪರೀಕ್ಷೆಯ ಭಾಷೆಯಲ್ಲಿರಲಿ. ಎಷ್ಟೋ ಸಲ ವಿದ್ಯಾರ್ಥಿಗೆ ವಿಷಯ ಗೊತ್ತಿರುತ್ತದೆ, ಹೊಸ ಹೆಸರಿನಲ್ಲಿ ಅದರ ಗುರುತು ಹತ್ತಿರುವುದಿಲ್ಲ. ಎರಡನೆಯ ದರ್ಜೆಯ ಡಿಫರೆನ್ಷಿಯಲ್ ಸಮೀಕರಣವೊಂದನ್ನು ಬಿಡಿಸುವಾಗ ನಡುವೆ ಎಂ ವರ್ಗ ಮೈನಸ್ 5 ಎಂ ಪ್ಲಸ್ 6 ಸೊನ್ನೆಗೆ ಸಮ ಎಂಬ ಆಕ್ಸಿಲಿಯರಿ ಈಕ್ವೇಷನ್ ಬರುತ್ತದೆನ್ನಿ. ಅಲ್ಲಿಯೇ ಪೆನ್ನು ಕೆಳಗಿಟ್ಟ ಹುಡುಗಿಯೊಬ್ಬಳಿಗೆ ಅವಳ ಹಿರಿಯ ಸಹಪಾಠಿ, ಇದು ಹತ್ತನೆಯ ತರಗತಿಯ ವರ್ಗಸಮೀಕರಣವಲ್ಲವೇ ಎಂದು ಕೇಳಿದ್ದಷ್ಟೇ, ಅವಳು 2 ಮತ್ತು 3 ಎಂಬ ಮೂಲಗಳನ್ನು ಬಾಯಲ್ಲೇ ಹೇಳಿ, ಡಿಸ್ಕ್ರಿಮಿನೆಂಟ್ ಎಂದರೆ ಶೋಧಕವೇ ಎಂದು ತಾನಾಗಿ ಕೇಳಿದಳು. ಈ ಸೇತುವೆಯನ್ನು ಕಟ್ಟಲು ಅಧ್ಯಾಪಕರಿಗಿಂತ ಎರಡು ವರ್ಷ ಹಿಂದೆ ಇದೇ ದಾರಿಯಲ್ಲಿ ಬಂದ ಹಿರಿಯರೇ ತಕ್ಕವರು. ಆದಕಾರಣ ಮಾರ್ಗದರ್ಶಕರನ್ನು ಆರಿಸುವಾಗ ರ‍್ಯಾಂಕ್ ಪಟ್ಟಿಯ ತುದಿಯನ್ನೇ ನೋಡಬೇಡಿ. ಮೊದಲು ಎಡವಿ ಆಮೇಲೆ ಚೆನ್ನಾಗಿ ಪಾಸಾದವರನ್ನೂ ಹುಡುಕಿ.

ಪ್ರಶ್ನೆ (ಮೊದಲ ಸೆಮಿಸ್ಟರ್ ವಿದ್ಯಾರ್ಥಿಯ ತಂದೆ): ಹಿರಿಯ ವಿದ್ಯಾರ್ಥಿಗಳ ಬಳಿಗೆ ಕಳಿಸುವುದೆಂದರೆ ರ‍್ಯಾಗಿಂಗ್‌ನ ಭಯ. ಏನು ಮಾಡಬೇಕು?

ಉತ್ತರ: ನಿಮ್ಮ ಭಯ ಅಕಾರಣವಲ್ಲ. ಭೇಟಿಗಳು ಹಾಸ್ಟೆಲ್ ಕೋಣೆಯಲ್ಲಿ ನಡೆಯದೆ, ಬಾಗಿಲು ತೆರೆದ ತರಗತಿಯಲ್ಲಿ ಅಥವಾ ಗ್ರಂಥಾಲಯದಲ್ಲಿ, ಅಧ್ಯಾಪಕರೊಬ್ಬರಿಗೆ ತಿಳಿದಿರುವ ವೇಳೆಯಲ್ಲಿ ನಡೆಯುತ್ತವೆಯೇ ಎಂದು ವಿಚಾರಿಸಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿಯ ಪ್ರಕಾರ ರ‍್ಯಾಗಿಂಗ್ ತಡೆಯುವುದು ಕಾಲೇಜಿನದೇ ಹೊಣೆ. ದೂರಿಗೆ ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿನಿ): ಒಬ್ಬ ಹುಡುಗ ಲೆಕ್ಕದ ಮಾತನ್ನೇ ಆಡುವುದಿಲ್ಲ, ನಿದ್ದೆ ಬರುವುದಿಲ್ಲ, ಓದು ಬಿಟ್ಟು ಊರಿಗೆ ಹೋಗುತ್ತೇನೆ ಎನ್ನುತ್ತಾನೆ. ಇನ್ನುಳಿದವರು ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಸಾಕಾಗುವಷ್ಟೇ ಪ್ರಶ್ನೆಗಳ ಕಟ್ಟು) ಕೊಡಿ ಸಾಕು ಎನ್ನುತ್ತಾರೆ.

ಉತ್ತರ: ಆ ಹುಡುಗನ ಮಾತನ್ನು ಅಡ್ಡ ಬಾರದೆ ಕೇಳಿ, ಆದರೆ ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ. ಅವನಿಗೆ ತಿಳಿಸಿಯೇ ಇವತ್ತೇ ಅವನ ಪ್ರಾಕ್ಟರ್ (ವಿದ್ಯಾರ್ಥಿಯ ಉಸ್ತುವಾರಿ ನೋಡುವ ಅಧ್ಯಾಪಕ) ಅಥವಾ ಆಪ್ತಸಮಾಲೋಚಕರಿಗೆ ವಿಷಯ ಮುಟ್ಟಿಸಿ. ಕಾಲೇಜಿನಲ್ಲಿ ಅಂಥವರಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ನಿಮ್ಮೆದುರೇ ಕರೆ ಮಾಡಿಸಿ, ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಇದಕ್ಕೂ ಮೀರಿದ ಭಾರವನ್ನು ನೀವು ಹೊರಬೇಕಾಗಿಲ್ಲ.

ಪಾಸಿಂಗ್ ಪ್ಯಾಕೇಜ್ ಕೇಳುವವರನ್ನು ಬೈಯಬೇಡಿ, ಅವರು ಹೆದರಿದ್ದಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಂತೆ ಇಂಟರ್ನಲ್ಸ್‌ನಲ್ಲಿ ಐವತ್ತಕ್ಕೆ 20, ಸೆಮಿಸ್ಟರ್ ಪರೀಕ್ಷೆಯಲ್ಲಿ ಐವತ್ತಕ್ಕೆ 18, ಎರಡೂ ಸೇರಿ ನೂರಕ್ಕೆ 40 ಬೇಕು; ಈಗಾಗಲೇ ಬಂದಿರುವ ಅಂಕವನ್ನು ಮುಂದಿಟ್ಟುಕೊಂಡು ಇನ್ನೆಷ್ಟು ಬೇಕೆಂದು ಪ್ರತಿಯೊಬ್ಬರಿಂದಲೂ ಅವರವರ ಕೈಯಲ್ಲೇ ಲೆಕ್ಕ ಹಾಕಿಸಿ. ಆಮೇಲೆ ಅವರೇ ತಂದ ಪ್ಯಾಕೇಜಿನಿಂದ ಒಂದು ಪ್ರಶ್ನೆಯನ್ನು ಆರಿಸಿ, ಅಂಕಿಗಳನ್ನು ಬದಲಿಸಿ, ಬೋರ್ಡಿನ ಮೇಲೆ ಬರೆದು ಕೂತುಕೊಳ್ಳಿ.