ಸಹಾಯ ಬೇಕು: ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಏಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಮಳೆಗಾಲದಲ್ಲಿ ನಮ್ಮ ಕರೆಂಟ್ ಕತೆ ಗೊತ್ತಲ್ಲ, ಮೊನ್ನೆ ರಾತ್ರಿ ನಾಲ್ಕೈದು ಸಲ ಹೋಗಿ ಬಂತು, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು (ಹೌದು, ಬೈಯಬಹುದು), ಕೆಲಸದ ನಡುವೆಯೇ ಕಂಪ್ಯೂಟರ್ ಆಫ್ ಆಯಿತು.

ಈಗ ಉಬುಂಟು (ವಿಂಡೋಸ್‌ನಂಥದೇ ಆಪರೇಟಿಂಗ್ ಸಿಸ್ಟಮ್) ಏಳುತ್ತಿಲ್ಲ. ಕಪ್ಪು ಪರದೆಯಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಸಿಸ್ಟಮ್ ಏಳುವ ಮೊದಲ ಹಂತ) ಎಂದು ಬಂದು ನಿಲ್ಲುತ್ತದೆ, ಎಫ್‌ಎಸ್‌ಸಿಕೆ (ಡಿಸ್ಕಿನ ಫೈಲ್ ಜೋಡಣೆಯ ತಪ್ಪು ಹುಡುಕಿ ಸರಿಪಡಿಸುವ ಕಮಾಂಡ್) ನೀವೇ ಓಡಿಸಿ ಎನ್ನುತ್ತದೆ. ಡಿಸ್ಕ್ 500 ಜಿಬಿ, ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವಿಧಾನ) ಎಕ್ಸ್‌ಟಿ4. ಪೆನ್‌ಡ್ರೈವ್‌ನಿಂದ ಲೈವ್ ಉಬುಂಟು ಹಾಕಿ, ಡಿಸ್ಕ್ ಮೌಂಟ್ ಮಾಡದೆ (ಅಂದರೆ ಬಳಕೆಗೆ ತೆರೆಯದೆ), ಎಫ್‌ಎಸ್‌ಸಿಕೆಗೆ -ಎನ್ ಕೊಟ್ಟು ನೋಡಿದೆ. ಅದು ಸುಮ್ನೆ ನೋಡುತ್ತದೆ, ಏನೂ ಬದಲಿಸುವುದಿಲ್ಲ ಅಲ್ವಾ? ಐನೋಡ್ (ಪ್ರತಿ ಫೈಲಿನ ವಿವರದ ದಾಖಲೆ) ತಪ್ಪುಗಳ ದೊಡ್ಡ ಸಾಲೇ ಬಂತು. ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) 16 ಎಂದಿದೆ. ಹಾಗಾದರೆ ಪೆಟ್ಟು ಬಿದ್ದಿರುವುದು ಫೈಲ್ ಸಿಸ್ಟಮ್‌ಗೆ ಮಾತ್ರವಲ್ಲ, ಡಿಸ್ಕೇ ಹೋಗುತ್ತಿರಬಹುದು ಎಂದು ಹೆದರಿಕೆ.

ಪೇಟೆಯ ಅಂಗಡಿಯವರು ನೋಡಿದ ಕೂಡಲೇ "ಫಾರ್ಮ್ಯಾಟ್ ಮಾಡಿ ಕೊಡ್ತೇನೆ" ಎಂದರು. ಬೇಡ ಮಾರಾಯ್ರೇ ಎಂದು ವಾಪಸ್ ತಂದೆ. ಅದರಲ್ಲಿ ಆರು ವರ್ಷದ ಅಡಿಕೆ ಲೆಕ್ಕ ಇದೆ, ಅದು ಹೋದರೂ ಪಟ್ಟಿ ನೋಡಿ ಮತ್ತೆ ಬರೆಯಬಹುದು. ಅಜ್ಜಿ ಹಾಡಿದ ಹಾಡುಗಳೂ ಇವೆ. ಅಜ್ಜಿ ಈಗಿಲ್ಲ.

ಕೆಡುತ್ತಿರುವ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಮೊದಲು 1 ಟಿಬಿ ಡಿಸ್ಕಿಗೆ ಪೂರ್ತಿ ಇಮೇಜ್ ತೆಗೆದು, ರಿಪೇರಿ ಏನಿದ್ದರೂ ಆ ನಕಲಿನ ಮೇಲೆ ಮಾತ್ರ ಮಾಡಬೇಕೆಂದಿದ್ದೇನೆ. ಈ ಕ್ರಮ ಸರಿಯಾ? ಲಾಸ್ಟ್+ಫೌಂಡ್‌ಗೆ (ರಿಪೇರಿಯಲ್ಲಿ ಸಿಕ್ಕ ಅನಾಥ ಫೈಲ್‌ಗಳು ಸೇರುವ ಫೋಲ್ಡರ್) ಬಿದ್ದ ಫೈಲ್‌ಗಳಿಗೆ ಹೆಸರು ಹೋಗಿ ಬರೀ ನಂಬರ್ ಉಳಿಯುತ್ತದಂತೆ, ಅದರಲ್ಲಿ ಆಡಿಯೋ ಮಾತ್ರ ಆರಿಸುವುದು ಹೇಗೆ?

ಶಿರಸಿ, ಯಲ್ಲಾಪುರ ಕಡೆ ಯಾರ ಹತ್ತಿರವಾದರೂ ಸಾಟಾ ಯುಎಸ್‌ಬಿ ಕೇಬಲ್ (ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವುದು) ಇದ್ದರೆ ಎರಡು ದಿನಕ್ಕೆ ಕೊಡಿ, ನಾನೇ ಬಂದು ಒಯ್ಯುತ್ತೇನೆ. ಅಲ್ಲಿಯವರೆಗೆ ಡಿಸ್ಕ್ ಮುಟ್ಟುವುದಿಲ್ಲ.