ಹನ್ನೆರಡೂವರೆ ತನಕ "ಒನ್ ಟೂ ಚೆಕ್". ಯಾರಾದ್ರೂ ನಿದ್ದೆ ಮಾಡಿದ್ರಾ?

12ನೇ ಮನೆ, 5:52
ನಿನ್ನೆ ರಾತ್ರಿ ಈ ಬೀದೀಲಿ ಯಾರಾದ್ರೂ ಕಣ್ಣು ಮುಚ್ಚಿದ್ರಾ? ಆಟ ಹತ್ತಕ್ಕೇ ಮುಗೀತು, ಜನ ಎಲ್ಲಾ ಹೋದ್ರು. ಆಮೇಲೆ ಖಾಲಿ ಸ್ಟೇಡಿಯಂನಲ್ಲಿ ಹೊಸ ಸ್ಪೀಕರ್ ಟೆಸ್ಟಿಂಗ್ ಹನ್ನೆರಡೂವರೆವರೆಗೂ. ಅದೇ ಒಬ್ಬ "ಒನ್ ಟೂ ಚೆಕ್" ಅಂತಾನೆ, ಅದೇ ಹಾಡಿನ ಅದೇ ತುಂಡು ಹಾಕ್ತಾನೆ, ಮತ್ತೆ ಒನ್ ಟೂ. ಅತ್ತೆಗೆ ಆಪರೇಷನ್ ಆಗಿ ಒಂಬತ್ತು ದಿನ. ಮಾತ್ರೆ ಕೊಟ್ಟು ಮಲಗಿಸಿದ್ದೆ. ಪ್ರತಿ ಡುಂ ಅಂದಾಗಲೂ ಬೀರು ಬಾಗಿಲು ಕಟಕಟ ಅಂತಿತ್ತು. ಸಂದಿಗೆ ಪೇಪರ್ ಮಡಚಿ ತುರುಕಿದೆ, ಅದು ನಿಂತ್ತು. ಕಿಟಕಿ ಗಾಜು ಶುರು ಆಯ್ತು. ಅತ್ತೆ ಎದ್ದು ಕೂತು ಹೊಟ್ಟೆ ಹಿಡ್ಕೊಂಡು ಬೆಳಗು ಮಾಡಿದ್ರು. ಇವತ್ತು ಇದಕ್ಕೊಂದು ತೀರ್ಮಾನ ಆಗಲೇಬೇಕು.

31ನೇ ಮನೆ, 6:04
ಕೆಲಸ ಶುರುವಾದಾಗಲೇ ಬಡ್ಕೊಂಡೆ. ಆಗ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಅನುಭವಿಸಿ.

4ನೇ ಮನೆ, 6:10
ಒನ್ ಟೂ ಆದ್ಮೇಲೆ ತ್ರೀ ಅಂತ ಅವನಿಗೆ ಯಾರಾದ್ರೂ ಹೇಳ್ಕೊಡಿ 😂

12ನೇ ಮನೆ, 6:11
ತಮಾಷೆ ಬೇಡ, ದಯವಿಟ್ಟು.

26ನೇ ಮನೆ, 6:30
ಅಕ್ಕ, ನಿಮ್ಮ ಕಷ್ಟ ನಿಜ. ಆದ್ರೆ ಹೊಸ ಸಿಸ್ಟಂ ಬೇಕೇ ಬೇಕಿತ್ತು. ಅವತ್ತು ಆಟದ ಮಧ್ಯೆ ದೀಪ ಹೋದಾಗ ನಾನು ಒಳಗಿದ್ದೆ, ಮಗ ಹೆಗಲ ಮೇಲೆ. "ಉತ್ತರದ ಗೇಟಿಂದ ಹೋಗಿ" ಅಂತ ಮೈಕಲ್ಲಿ ಕೂಗಿದ್ದು ನಮಗೆ "ತ್ತರ ತ್ತರ" ಅಂತ ಕೇಳಿಸ್ತು. ಜನ ಮುಚ್ಚಿದ ಗೇಟಿಗೇ ನುಗ್ಗಿದ್ರು. ಆ ಹಳೇ ಸ್ಪೀಕರ್ ವಾಪಸ್ ಬರೋದು ಬೇಡ.

31ನೇ ಮನೆ, 6:33
ಟಿಕೆಟ್ ತಗೊಂಡು ಹೋಗೋರಿಗೆ ಕೇಳಲಿ ಅಂತ ನಾವು ನಿದ್ದೆ ಬಿಡಬೇಕಾ?

19ನೇ ಮನೆ, 6:58
ನನ್ನ ಕಸುಬೇ ಇದು, ಅದಕ್ಕೆ ಹೇಳ್ತೀನಿ. ಇಬ್ಬರು ಹೇಳಿದ್ದೂ ಸರಿ. ದೊಡ್ಡ ಸ್ಟೇಡಿಯಂನಲ್ಲಿ ಮಾತು ಕೆಡೋದು ಸದ್ದು ಸಾಲದೆ ಅಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಪಕ್ಕದ ಸ್ಪೀಕರ್ ಮಾತು ಕಿವಿಗೆ ಬಿದ್ದ ಮೇಲೆ, ಎದುರು ಸ್ಟ್ಯಾಂಡಿನದು 170 ಮೀಟರ್ ಹೆಚ್ಚು ದೂರದಿಂದ ಬಂದ್ರೆ ಅರ್ಧ ಸೆಕೆಂಡ್ ತಡ. ಒಂದು ಪದದ ಮೇಲೆ ಇನ್ನೊಂದು ಪದ ಬಿದ್ದು ಗೊಜಲು. ವಾಲ್ಯೂಮ್ ಏರಿಸಿದ್ರೆ ಗೊಜಲೂ ಏರುತ್ತೆ, ಅಷ್ಟೇ. ಛಾವಣಿ ಅಂಚಲ್ಲಿ ತುಂಬಾ ಸ್ಪೀಕರ್ ಇಳಿಬಿಟ್ಟು, ಒಂದೊಂದೂ ತನ್ನ ಕೆಳಗಿನ ಸೀಟುಗಳಿಗೆ ಮಾತ್ರ ಮುಖ ಮಾಡೋ ಹಾಗೆ ಬಗ್ಗಿಸಬೇಕು. ಆಗ ಒಳಗೆ ಸ್ಪಷ್ಟ, ಹೊರಗೆ ಕಮ್ಮಿ. ಇಲ್ಲಿ ಪೂರ್ವದ ಸಾಲು ಬಗ್ಗಿಸೇ ಇಲ್ಲ. ಹಾಲಿನ ಬೂತ್ ಹತ್ರ ನಿಂತು ನೋಡಿ, ಸ್ಪೀಕರ್ ಮುಖ ಪೂರ್ತಿ ಕಾಣುತ್ತೆ. ನಮಗೆ ಕಾಣ್ತಿದೆ ಅಂದ್ರೆ ನಮ್ಮ ಕಡೆಗೇ ಹೊಡೀತಿದೆ ಅಂತ.

31ನೇ ಮನೆ, 7:02
ನಮ್ಮ ಕಾರ್ಯದರ್ಶಿಗಳು ಸ್ಟೇಡಿಯಂನವರ ಸಭೆಗೆ ಹೋಗಿ ಸಹಿ ಹಾಕಿ ಬಂದ್ರಲ್ಲ, ಆಗ ಇದು ಕಾಣ್ಲಿಲ್ವಾ?

ಕಾರ್ಯದರ್ಶಿ, 7:15
ಸಾರ್, ನಾನು ಹಾಕಿದ್ದು ಹಾಜರಾತಿ ಸಹಿ. ಒಪ್ಪಿಗೆ ಅಲ್ಲ.

31ನೇ ಮನೆ, 7:16
ಸಹಿ ಅಂದ್ರೆ ಸಹಿ.

ಕಾರ್ಯದರ್ಶಿ, 7:17
ಹಾಗಿದ್ರೆ ನೀವೇ ಬರಬೇಕಿತ್ತು. ಮೂರು ಸಲ ಕರೆದೆ.

31ನೇ ಮನೆ, 7:17
ಎಷ್ಟು ಹೊತ್ತಿಗೆ ಕರೆದ್ರಿ ಅದನ್ನೂ ಹೇಳಿ. ಕೆಲಸ ಬಿಟ್ಟು ಬರೋಕಾಗುತ್ತಾ?

4ನೇ ಮನೆ, 7:20
*ಫಾರ್ವರ್ಡ್ ಮಾಡಲಾಗಿದೆ* ಸ್ಪೀಕರ್ ಸದ್ದಿಗೆ ಬಿರುಕು ಬಿಟ್ಟ ಗೋಡೆ!! ತಪ್ಪದೆ ಎಲ್ಲರಿಗೂ ಕಳಿಸಿ 🙏

7ನೇ ಮನೆ, 7:31
ಆ ಫೋಟೋ ಹಳೇದಪ್ಪ, ಭೂಕಂಪದ್ದು ಅಂತ ಇದೇ ಗುಂಪಲ್ಲಿ ಬಂದಿತ್ತು. 19ನೇ ಮನೆಯವರೇ, ನಂದೊಂದು ಪ್ರಶ್ನೆ. ಕಿಟಕಿ ಮುಚ್ಚಿದ್ರೆ ಮಾತು ನಿಲ್ಲುತ್ತೆ, ಡುಂ ಡುಂ ನಿಲ್ಲಲ್ಲ. ಯಾಕೆ?

19ನೇ ಮನೆ, 7:44
ಮೇಷ್ಟ್ರೇ, ಆ ಡುಂ ಡುಂ ಅಂದ್ರೆ ಬೇಸ್, ತಗ್ಗು ಸ್ವರ. 50 ಹರ್ಟ್ಸ್ ಬೇಸ್ ಅಲೆ ಒಂದೊಂದೂ ಹತ್ತಿರ ಹತ್ತಿರ 7 ಮೀಟರ್ ಉದ್ದ. ಗಾಜು ಅದಕ್ಕೆ ಲೆಕ್ಕಕ್ಕಿಲ್ಲ, ಕಾಂಪೌಂಡ್ ಗೋಡೆ ಬಳಸ್ಕೊಂಡು ಬರುತ್ತೆ. ಗಾಳಿ ಇಲ್ಲದ ತಿಳಿ ರಾತ್ರಿ ನೆಲದ ಹತ್ರ ತಣ್ಣಗೆ, ಮೇಲೆ ಬೆಚ್ಚಗೆ ಇರುತ್ತೆ. ಮೇಲಕ್ಕೆ ಹೋಗೋ ಸದ್ದು ಬಾಗಿ ಮತ್ತೆ ಕೆಳಗಿಳಿಯುತ್ತೆ. ಹಗಲು ಕೇಳದ್ದು ರಾತ್ರಿ ಕೇಳೋದು ಅದಕ್ಕೇ. ಬೇಸ್ ಡಬ್ಬಗಳನ್ನ ಜೋಡಿಸೋ ಕ್ರಮದಲ್ಲೇ, ಒಂದಕ್ಕೆ ಉಲ್ಟಾ ಸಿಗ್ನಲ್, ಸ್ವಲ್ಪ ಡಿಲೇ ಕೊಟ್ಟು, ಹಿಂದಕ್ಕೆ ಹೋಗೋ ಸದ್ದು ತುಂಬಾ ತಗ್ಗಿಸಬಹುದು. ಹೊಸ ಯಂತ್ರ ಏನೂ ಬೇಡ.

31ನೇ ಮನೆ, 7:49
ನನ್ನ ಫೋನಲ್ಲಿ 58 ಡೆಸಿಬಲ್ ತೋರಿಸ್ತು. ಸ್ಟೇಡಿಯಂನವರು "ಅಷ್ಟೇನಾ" ಅಂತಾರೆ. ಇವರ ಜೊತೆ ಮಾತಿಲ್ಲ, ಸೀದಾ ಕೋರ್ಟು.

19ನೇ ಮನೆ, 7:55
ಸಾರ್, ಆ ಆಪ್ 'ಎ' ಅಳತೆಯದು. 63 ಹರ್ಟ್ಸ್ ಹತ್ರ ಅದು 26 ಡೆಸಿಬಲ್ ಕಳೆದೇ ತೋರಿಸುತ್ತೆ. ನಮ್ಮ ಬೀರು ಅಲ್ಲಾಡಿಸೋದೇ ಲೆಕ್ಕಕ್ಕೆ ಬರಲ್ಲ. ಬೇಸ್ ಅಷ್ಟಾಗಿ ಕಳೆಯದ 'ಸಿ' ಅಳತೇಲೂ ತಗೋಬೇಕು. ನನ್ನ ಹತ್ರ ಮೀಟರ್ ಇದೆ.

7ನೇ ಮನೆ, 8:02
ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚೀಲಿ ಮಲಗೋ ಕೋಣೆಗೆ 30 ಡೆಸಿಬಲ್ ಅಂತಿದೆ. ಸ್ಟೇಡಿಯಂನವರಿಗೆ ಬರೆಯೋ ಪತ್ರದಲ್ಲಿ ಸೇರಿಸಿ.

12ನೇ ಮನೆ, 8:10
ಸರಿ. ಶನಿವಾರ ಆಟ ಇದೆ, ಆಮೇಲೆ ಮತ್ತೆ ಟೆಸ್ಟಿಂಗ್ ಅಂತ ವಾಚ್‌ಮನ್ ಹೇಳಿದ. ಮೂರು ಮಹಡಿ ಬೇಕು, ಒಂದೊಂದರಲ್ಲಿ ಒಬ್ಬರು ಅರ್ಧ ಗಂಟೆಗೊಮ್ಮೆ ಡೆಸಿಬಲ್ ಬರ್ಕೋಬೇಕು. ಪತ್ರದಲ್ಲಿ ಮೂರೇ ಕೇಳೋಣ: ಪೂರ್ವದ ಸಾಲು ಬಗ್ಗಿಸಿ, ಬೇಸ್ ಸದ್ದು ಮಿತಿ ಮೀರದ ಹಾಗೆ ಲಿಮಿಟರ್ ಹಾಕಿ, ಟೆಸ್ಟಿಂಗ್ ಹಗಲು ಮಾಡಿ. ಯಾರ ಮಹಡಿ ಸಿಗುತ್ತೆ?

9ನೇ ಮನೆ, 8:14
ಶನಿವಾರ ಆಟ ಅಂದ್ರೆ ಮತ್ತೆ ನಮ್ಮ ಗೇಟ್ ಮುಂದೆ ಗಾಡಿ ನಿಲ್ಲಿಸ್ತಾರೆ. ಹೋದ ಸಲ ಎರಡು ಗಂಟೆ ಹೊರಗೇ ನಿಂತಿದ್ದೆ.

31ನೇ ಮನೆ, 8:15
ಅದೇ ಮೊದಲು ಆಗಬೇಕಾದ್ದು! ಬೀದಿ ಎರಡೂ ತುದೀಲಿ ಸರಪಳಿ ಹಾಕಿ. ನಾನು ಮುಂದೆ ನಿಲ್ತೀನಿ.

ಕಾರ್ಯದರ್ಶಿ, 8:20
ಸರಪಳಿಗೆ ಒಪ್ಪಿಗೆ ಇರೋರು ಕೈ ಎತ್ತಿ.

22ನೇ ಮನೆ, 8:20
✋

26ನೇ ಮನೆ, 8:21
✋ ಆದ್ರೆ ಆಂಬುಲೆನ್ಸ್ ಬಂದ್ರೆ?

12ನೇ ಮನೆ, 8:40
ಮಹಡಿ ಕೇಳಿ ಅರ್ಧ ಗಂಟೆ ಆಯ್ತು.

7ನೇ ಮನೆ, 8:52
ನಂದು ತಗೋಮ್ಮ. ಮೆಟ್ಟಿಲು ಹತ್ತೋಕೆ ನನಗಾಗಲ್ಲ, ಬೀಗದ ಕೈ ಕೊಡ್ತೀನಿ.

31ನೇ ಮನೆ, 8:53
ಸರಪಳಿ ಬೀಗದ ಕೈ ಯಾರ ಹತ್ರ ಇರಬೇಕು, ಅದು ಮೊದಲು ತೀರ್ಮಾನ ಆಗಲಿ. ಕಾರ್ಯದರ್ಶಿ ಹತ್ರ ಮಾತ್ರ ಬೇಡ.