ರಾತ್ರಿ ಕೈ ಜೋಮು ಹಿಡಿಯೋದು ಇಷ್ಟೊಂದು ಜನಕ್ಕಾ?

ಮಲೆನಾಡ_ಸೊಸೆ
ಎರಡು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ ಆಗುತ್ತಿದೆ. ಬಲಗೈ ಪೂರ್ತಿ ಜೋಮು. ಎದ್ದು ಕೂತು ಒದ್ದೆ ಕೈ ಕೊಡವಿದ ಹಾಗೆ ನಾಲ್ಕು ಸಲ ಕೊಡವಿದರೆ ಸ್ವಲ್ಪ ಜೀವ ಬರುತ್ತದೆ. ಈ ಸಲ ಅಡಿಕೆ ಸುಲಿಯೋಕೆ ಆಳು ಸಿಗದೆ ನಾನೇ ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತಿದ್ದೆ, ಅದಕ್ಕೇ ಇರಬೇಕು ಅಂದುಕೊಂಡೆ. ಡಾಕ್ಟರು ಕಾರ್ಪಲ್ ಟನಲ್ ಇರಬಹುದು, ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳೋ ಕಾಯಿಲೆ ಅಂದರು. ಮನೆಯಲ್ಲಿ ಹೇಳಿದರೆ ಅತ್ತೆಗೂ ಇದೆಯಂತೆ, ಪಕ್ಕದ ಮನೆಯವರಿಗೂ ಇದೆಯಂತೆ, ಬೆಂಗಳೂರಿನ ತಮ್ಮನಿಗೂ ಇದೆಯಂತೆ! ನಿಜಕ್ಕೂ ಇಷ್ಟು ಕಾಮನ್ನಾ?

ಕೋಡ್_ಕೂಲಿ
ಎಲ್ಲ ಕೀಬೋರ್ಡ್, ಮೊಬೈಲ್ ಮಹಿಮೆ. ನಮ್ಮ ಟೀಮಲ್ಲಿ ಅರ್ಧ ಜನಕ್ಕಿದೆ.

ಫಿಸಿಯೋ_ಅಣ್ಣ
ಜೋಮು ಕಾಮನ್. ಕಾಯಿಲೆ ಅಷ್ಟಿಲ್ಲ. ದಕ್ಷಿಣ ಸ್ವೀಡನ್‌ನಲ್ಲಿ ಮಾಡಿದ ಒಂದು ಸಮೀಕ್ಷೆ 1999ರಲ್ಲಿ ಬಂತು. ಸುಮಾರು 2,500 ವಯಸ್ಕರಲ್ಲಿ 14.4% ಜನ ಕೈ ಜೋಮು, ನೋವು, ಚುಮುಚುಮು ಅಂತೆಲ್ಲ ಹೇಳಿದ್ದರು. ಆದರೆ ಡಾಕ್ಟರ ಪರೀಕ್ಷೆ, ನರದ ಟೆಸ್ಟ್ ಎರಡರಲ್ಲೂ ಖಚಿತವಾಗಿದ್ದು 2.7% ಮಾತ್ರ. ಅಂದರೆ ಜೋಮು ಅಂದವರಲ್ಲಿ ಐದಕ್ಕೆ ಒಬ್ಬರು. ನಿಮ್ಮ ಟೀಮಲ್ಲಿ ಅರ್ಧ ಜನಕ್ಕಂತೂ ಇರೋಕೆ ಸಾಧ್ಯ ಇಲ್ಲ ಬಿಡಿ. ಕೀಬೋರ್ಡಿನ ಮೇಲಿನ ಆರೋಪಕ್ಕೂ ಸಾಕ್ಷಿ ತೆಳು. ಬಿಗಿಯಾಗಿ ಹಿಡಿದು ಪದೇ ಪದೇ ಮಾಡುವ ಕೆಲಸ, ನಡುಗುವ ಯಂತ್ರ ಹಿಡಿಯುವ ಕೆಲಸ, ಇವುಗಳ ಮೇಲೆ ಜಾಸ್ತಿ ಇದೆ.

ಕಾರ್ಪಲ್ ಟನಲ್ ಅಂದರೆ ಮಣಿಕಟ್ಟಿನಲ್ಲಿರುವ ಒಂದು ಇಕ್ಕಟ್ಟಾದ ದಾರಿ. ಕೆಳಗೆ ಮೂಳೆ, ಮೇಲೆ ಗಟ್ಟಿ ಪಟ್ಟಿ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಒಂದು ನರವೂ ಅದರಲ್ಲೇ ತೂರಿಕೊಂಡು ಹೋಗಬೇಕು. ಒಳಗೆ ಚೂರು ಊದಿಕೊಂಡರೂ ಏಟು ಬೀಳೋದು ನರಕ್ಕೆ. ಆ ನರಕ್ಕೂ ಕಿರುಬೆರಳಿಗೂ ಸಂಬಂಧ ಇಲ್ಲ. ನಿಮ್ಮ ಕಿರುಬೆರಳು ಜೋಮು ಹಿಡಿಯುತ್ತಾ?

ಎರಡು_ಮಕ್ಕಳಮ್ಮ
ನನಗೆ ಎರಡನೇ ಬಸುರಿನಲ್ಲಿ, ಏಳು ತಿಂಗಳಾದಾಗ ಶುರುವಾಗಿತ್ತು. ಬಸುರಿಯರಿಗೆ ಮೈಯಲ್ಲಿ ನೀರು ನಿಂತು ಹೀಗಾಗುತ್ತಂತೆ. ಹೆರಿಗೆ ಆದ ಮೇಲೆ ಸುಮ್ನೆ ಹೋಯಿತು. ನಲವತ್ತೆರಡಕ್ಕೆ ಮತ್ತೆ ಬಂತು ನೋಡಿ, ಆಗ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಅಂತ ಸಿಕ್ಕಿತು. ಥೈರಾಯ್ಡ್, ಶುಗರ್ ಎರಡನ್ನೂ ಒಮ್ಮೆ ನೋಡಿಸಿಬಿಡಿ. ಗಂಡಸರಿಗಿಂತ ನಮಗೇ ಜಾಸ್ತಿ ಅಂತೆ, ಇನ್ನೇನು ಬಾಕಿ ಇತ್ತು!

ಮಲೆನಾಡ_ಸೊಸೆ
ಹೆಬ್ಬೆರಳು, ತೋರುಬೆರಳು, ನಡುಬೆರಳು ಪೂರ್ತಿ ಜೋಮು. ಉಂಗುರದ ಬೆರಳು ಅರ್ಧ, ನಡುಬೆರಳಿನ ಕಡೆಗೆ ಮಾತ್ರ. ಕಿರುಬೆರಳಿಗೆ ಏನೂ ಆಗಿಲ್ಲ, ಸೀರೆ ಪಿನ್ನು ಚುಚ್ಚಿ ನೋಡಿದೆ. ಅತ್ತೆಗೆ ಕೇಳಿದರೆ ಅವರಿಗೆ ನೋವು ಮೊಣಕೈಯಲ್ಲಂತೆ.

ಫಿಸಿಯೋ_ಅಣ್ಣ
ಅತ್ತೆಯವರದ್ದು ಬೇರೆ ಲೆಕ್ಕ ಹಾಗಾದರೆ. ನೀವು ಹೇಳೋದು ಕೇಳಿದರೆ ಡಾಕ್ಟರು ಅಂದಿದ್ದು ಸರಿ ಅನ್ನಿಸುತ್ತೆ. ಮಣಿಕಟ್ಟು ಮಡಚದ ಹಾಗೆ ರಾತ್ರಿ ಸ್ಪ್ಲಿಂಟ್ ಕಟ್ಟಿ ಮಲಗಿ, ಒಂದೂವರೆ ತಿಂಗಳು ಬಿಡದೆ. ಸುಮಾರು ಜನಕ್ಕೆ ಅಷ್ಟರಲ್ಲೇ ಹಗುರಾಗುತ್ತೆ, ಆಗದಿದ್ದರೆ ಇಂಜೆಕ್ಷನ್, ಆಪರೇಷನ್ ಇದ್ದೇ ಇದೆ. ಹೆಬ್ಬೆರಳ ಬುಡದ ಮಾಂಸ ಇಳಿದ ಹಾಗೆ ಕಂಡರೆ, ಇಲ್ಲ ಲೋಟ ಕೈ ಜಾರತೊಡಗಿದರೆ ಮಾತ್ರ ಕಾಯಬೇಡಿ, ತಕ್ಷಣ ತೋರಿಸಿ.

ಮತ್ತೆ ಪಿನ್ನು ಬೇಡ ಮಾರಾಯ್ರೆ, ಹತ್ತಿ ಸಾಕು.